ಕೂಪರ್ಸ್‌ಟೌನ್ ಬೇಸ್‌ಬಾಲ್ ಮ್ಯೂಸಿಯಂ: ಫಲಕಗಳ ಹಾಲ್ ಕೊನೆಗಿರಲಿ

ಮೊದಲೇ ಒಂದು ಮಾತು: ಬೇಸ್‌ಬಾಲ್ ಹುಟ್ಟಿದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಲ್ಲ. 1839ರಲ್ಲಿ ಆಬ್ನರ್ ಡಬಲ್‌ಡೇ ಈ ಊರಿನಲ್ಲಿ ಆಟವನ್ನು ಕಂಡುಹಿಡಿದ ಎಂದು 1907ರಲ್ಲಿ, ಆಟದ ಮೂಲ ಹುಡುಕಲು ನೇಮಿಸಿದ್ದ ಮಿಲ್ಸ್ ಆಯೋಗ ತೀರ್ಪು ಕೊಟ್ಟಿತು. ಅದಕ್ಕಿದ್ದ ಆಧಾರ ಒಬ್ಬ ವೃದ್ಧರ ನೆನಪು ಮಾತ್ರ. 1839ರಲ್ಲಿ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿದ್ದ. ಆದರೂ ಆ ಕಥೆಯನ್ನೇ ನೆಚ್ಚಿಕೊಂಡು 1939ರ ಜೂನ್ 12ರಂದು ನ್ಯಾಷನಲ್ ಬೇಸ್‌ಬಾಲ್ ಹಾಲ್ ಆಫ್ ಫೇಮ್, ಅಂದರೆ ಆಟದ ಶ್ರೇಷ್ಠರನ್ನು ಗೌರವಿಸುವ ಈ ಮ್ಯೂಸಿಯಂ, ಬಾಗಿಲು ತೆರೆಯಿತು. ಮೆಚ್ಚಬೇಕಾದ್ದೇನೆಂದರೆ, ಮ್ಯೂಸಿಯಂ ಇದನ್ನು ಮುಚ್ಚಿಡುವುದಿಲ್ಲ. ಸ್ಥಾಪಕ ಸ್ಟೀಫನ್ ಕ್ಲಾರ್ಕ್ 5 ಡಾಲರ್ ಕೊಟ್ಟು ಕೊಂಡ, ಹೊಲಿಗೆ ಬಿಚ್ಚಿದ 'ಡಬಲ್‌ಡೇ ಚೆಂಡ'ನ್ನೂ ಇಟ್ಟಿದೆ, ಕಥೆ ಕಟ್ಟುಕಥೆ ಎಂದೂ ಒಪ್ಪಿಕೊಳ್ಳುತ್ತದೆ.

ಒಳಗೆ ಹೋದವರಲ್ಲಿ ಹೆಚ್ಚಿನವರು ಮಾಡುವ ತಪ್ಪು, ಕಣ್ಣಿಗೆ ಬಿದ್ದ ಕೂಡಲೇ, ಗೌರವಕ್ಕೆ ಆಯ್ಕೆಯಾದವರ ಕಂಚಿನ ಫಲಕಗಳಿರುವ ಹಾಲ್‌ಗೆ ನುಗ್ಗುವುದು. ಅದು ನೆಲಮಟ್ಟದಲ್ಲಿದೆ. ಅಮೆರಿಕದ ಲೆಕ್ಕದಲ್ಲಿ ನೆಲಮಟ್ಟವೇ 'ಫಸ್ಟ್ ಫ್ಲೋರ್', ಹಾಗಾಗಿ ಅವರ ಸೆಕೆಂಡ್ ಫ್ಲೋರ್ ಎಂದರೆ ನಮ್ಮ ಮೊದಲ ಮಹಡಿ. ಮೊದಲು ಅಲ್ಲಿಗೆ ಹತ್ತಿ. ಕಿರುಚಿತ್ರ ನೋಡಿ, ಕಾಲಾನುಕ್ರಮದಲ್ಲಿರುವ ಪ್ರದರ್ಶನ ಮುಗಿಸಿ, ಇನ್ನೊಂದು ಮಹಡಿ ಏರಿದರೆ ಹಳೆಯ ಮೈದಾನಗಳು, ದಾಖಲೆಗಳು, 755 ಹೋಮ್‌ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದ ಹ್ಯಾಂಕ್ ಆರನ್ ಅವರ ವಿಭಾಗ ಸಿಗುತ್ತವೆ. ಆಮೇಲೆ ಇಳಿದು ಬನ್ನಿ. ಮೇಲೆ ಕಂಡ ಹೆಸರುಗಳೇ ಇಲ್ಲಿ ಎದುರಾಗುತ್ತವೆ. ಅದಿಲ್ಲದಿದ್ದರೆ ಈ ಹಾಲ್ ಅಪರಿಚಿತ ಮುಖಗಳ ಗೋಡೆಯಷ್ಟೇ.

ಫಲಕಗಳು ಅಕಾರಾದಿಯಲ್ಲಿಲ್ಲ, ಆಯ್ಕೆಯಾದ ವರ್ಷದ ಕ್ರಮದಲ್ಲಿವೆ. ಹುಡುಕುವವರ ಹೆಸರಿನ ಪಕ್ಕ ವರ್ಷ ಬರೆದುಕೊಂಡು ಹೋಗಿ: ಜಾಕಿ ರಾಬಿನ್ಸನ್ 1962, ವಿಲ್ಲಿ ಮೇಸ್ 1979, ಆರನ್ 1982, ಇಚಿರೊ ಸುಜುಕಿ 2025. 1936ರ ಮೊದಲ ಐವರು, ಅಂದರೆ ಕಾಬ್, ರೂತ್, ವ್ಯಾಗ್ನರ್, ಮ್ಯಾಥ್ಯೂಸನ್, ಜಾನ್ಸನ್, ಒಟ್ಟಿಗೇ ಇದ್ದಾರೆ. ಕ್ರಿಕೆಟ್ ಬಲ್ಲವರು ಇಬ್ಬರನ್ನು ಮರೆಯಬಾರದು. ಕ್ರಿಕೆಟ್ ವರದಿಗಾರನಾಗಿದ್ದು, ಬೇಸ್‌ಬಾಲ್‌ನ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಪಟ್ಟಿ) ರೂಪಿಸಿದ ಹೆನ್ರಿ ಚಾಡ್ವಿಕ್ ಒಬ್ಬರು. ಇನ್ನೊಬ್ಬರು ವೃತ್ತಿಪರ ಕ್ರಿಕೆಟಿಗ ಹ್ಯಾರಿ ರೈಟ್. 1869ರಲ್ಲಿ ಆಟಗಾರರಿಗೆಲ್ಲ ಬಹಿರಂಗವಾಗಿ ಸಂಬಳ ಕೊಟ್ಟ ಸಿನ್ಸಿನಾಟಿ ತಂಡ ಕಟ್ಟಿದವರು. ಇಬ್ಬರೂ ಇಂಗ್ಲೆಂಡಿನಲ್ಲಿ ಹುಟ್ಟಿದವರು.

ಕಂಚಿನ ಬರಹವನ್ನೂ ತಿದ್ದಿದ್ದಾರೆ ಎಂಬುದು ಗೊತ್ತಿದ್ದರೆ ಓದುವ ರುಚಿಯೇ ಬೇರೆ. ರಾಬಿನ್ಸನ್ ಅವರ ಮೊದಲ ಫಲಕದಲ್ಲಿ ಕಪ್ಪುವರ್ಣೀಯ ಆಟಗಾರರನ್ನು ಹೊರಗಿಟ್ಟಿದ್ದ ವರ್ಣಭೇದ ಮುರಿದ ಮಾತೇ ಇರಲಿಲ್ಲ. ಆಟವೊಂದನ್ನೇ ಅಳೆಯಲಿ ಎಂಬುದು ಅವರ ಇಚ್ಛೆಯಾಗಿತ್ತು. 2008ರಲ್ಲಿ ಅದನ್ನು ಸೇರಿಸಿ ಹೊಸದನ್ನು ಹಾಕಿದರು. ರಾಬರ್ಟೊ ಕ್ಲೆಮೆಂಟೆ ಅವರ ಫಲಕದಲ್ಲಿ ತಾಯಿಯ ಮನೆತನದ 'ವಾಕರ್' ನಡುವೆ ಸೇರಿಕೊಂಡಿತ್ತು. ಸ್ಪ್ಯಾನಿಷ್ ರೂಢಿಯಲ್ಲಿ ಅದು ಕೊನೆಗೆ ಬರಬೇಕು, 2000ದಲ್ಲಿ ಸರಿಯಾಯಿತು. ಫಲಕದ ಮುಖಚಿತ್ರದ ಟೋಪಿಯ ಮೇಲೆ ಯಾವ ತಂಡದ ಗುರುತು ಎಂಬುದನ್ನು ಕೊನೆಗೆ ನಿರ್ಧರಿಸುವುದು ಮ್ಯೂಸಿಯಂ. 2014ರ ಗ್ರೆಗ್ ಮ್ಯಾಡಕ್ಸ್ ಅವರ ಟೋಪಿ ಖಾಲಿ.

ಬ್ಯಾರಿ ಬಾಂಡ್ಸ್ ಹುಡುಕಿ ಕಾಲು ನೋಯಿಸಿಕೊಳ್ಳಬೇಡಿ. 762 ಹೋಮ್‌ರನ್‌ಗಳ ದಾಖಲೆ ಅವರದ್ದೇ, ಆದರೆ ಉತ್ತೇಜಕ ಮದ್ದಿನ ವಿವಾದದ ನೆರಳಿನಲ್ಲಿ 2022ರ ಕೊನೆಯ ಅವಕಾಶದಲ್ಲೂ ಆಯ್ಕೆಗೆ ಬೇಕಾದ, ಬೇಸ್‌ಬಾಲ್ ಬರಹಗಾರರ 75% ಮತ ಸಿಗಲಿಲ್ಲ, 66%ಕ್ಕೆ ನಿಂತರು. ವಿಚಿತ್ರವೆಂದರೆ, ಅವರು 756ನೇ ಹೋಮ್‌ರನ್ ಹೊಡೆದ ಚೆಂಡು ಇದೇ ಮ್ಯೂಸಿಯಂನ ಸಂಗ್ರಹದಲ್ಲಿದೆ. ಕೊಂಡವರು ಜನರ ಮತ ಕೇಳಿ ಅದರ ಮೇಲೆ, ದಾಖಲೆ ಅನುಮಾನದ್ದು ಎಂದು ಸೂಚಿಸುವ ನಕ್ಷತ್ರ ಚಿಹ್ನೆ ಒತ್ತಿಸಿ ಕೊಟ್ಟದ್ದು! ಫಲಕವಿಲ್ಲದವರ ಇತಿಹಾಸವೂ ಉಳಿಯಬೇಕೆಂಬ ಈ ನಿಲುವು ಸರಿಯೇ. ಪ್ರಶಸ್ತಿ ಪಡೆದ ವೀಕ್ಷಕ ವಿವರಣೆಗಾರರಿಗೂ ಕಂಚಿನ ಫಲಕವಿಲ್ಲ. ವಿನ್ ಸ್ಕಲ್ಲಿ ಅವರ ಹೆಸರು ಬರಹಗಾರರು ಮತ್ತು ವಿವರಣೆಗಾರರಿಗೆಂದೇ ಇರುವ ಪ್ರತ್ಯೇಕ ಪ್ರದರ್ಶನದಲ್ಲಿದೆ. ಈ ವ್ಯತ್ಯಾಸವನ್ನು ಹಾಲ್‌ನ ಬಾಗಿಲಲ್ಲೇ ದೊಡ್ಡದಾಗಿ ಬರೆದು ಹಾಕಿದರೆ ಎಷ್ಟೋ ಜನರ ಸುತ್ತಾಟ ಉಳಿಯುತ್ತದೆ.

ತಲುಪುವುದು ಸುಲಭವಲ್ಲ. ಪ್ರಯಾಣಿಕರ ರೈಲು ಈ ಊರಿಗಿಲ್ಲ. ಆಲ್ಬನಿಯಿಂದ ಸುಮಾರು 70 ಮೈಲಿ, ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ನಾಲ್ಕು ತಾಸು. ಬೇಸಿಗೆಯಲ್ಲಿ ಮುಖ್ಯ ಬೀದಿಯಲ್ಲಿ ಜಾಗ ಹುಡುಕುವ ಬದಲು ಊರಂಚಿನಲ್ಲಿ ಕಾರು ನಿಲ್ಲಿಸಿ ಟ್ರಾಲಿ ಹಿಡಿಯುವುದು ಜಾಣತನ. ಫಲಕಗಳನ್ನಷ್ಟೇ ನೋಡಲು ಒಂದು ತಾಸು ಸಾಕು, ಇಡೀ ಮ್ಯೂಸಿಯಂಗೆ ಕನಿಷ್ಠ ನಾಲ್ಕು. ಗ್ರಂಥಾಲಯದ ಕಡತಗಳು ಬೇಕಿದ್ದರೆ ಮುಂಚೆಯೇ ಸಮಯ ಗೊತ್ತುಮಾಡಿಕೊಳ್ಳಬೇಕು. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಹೊಸವರ್ಷದ ದಿನ ರಜೆ.

ಹೊಸದಾಗಿ ಆಯ್ಕೆಯಾದವರನ್ನು ಗೌರವಿಸುವ ಜುಲೈ ಕೊನೆಯ ಸೇರ್ಪಡೆ ಸಮಾರಂಭದ ವಾರಾಂತ್ಯಕ್ಕೆ ಮ್ಯೂಸಿಯಂ ನೋಡಲೆಂದು ಹೋಗಲೇಬೇಡಿ. ಎರಡು ಸಾವಿರ ಜನರೂ ಇಲ್ಲದ ಊರು ಅದು. 2007ರಲ್ಲಿ ಕ್ಯಾಲ್ ರಿಪ್ಕಿನ್, ಟೋನಿ ಗ್ವಿನ್ ಸೇರ್ಪಡೆಗೆ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಮಂದಿ ಬಂದಿದ್ದರೆಂಬ ಅಂದಾಜಿದೆ. ಸಮಾರಂಭ ನಡೆಯುವುದೂ ಮ್ಯೂಸಿಯಂನಲ್ಲಲ್ಲ, ಸುಮಾರು ಒಂದು ಮೈಲಿ ಆಚೆ ಕ್ಲಾರ್ಕ್ ಕ್ರೀಡಾ ಕೇಂದ್ರದ ಬಯಲಿನಲ್ಲಿ. ಜನಸಾಗರವನ್ನೇ ನೋಡಬೇಕೆನ್ನುವವರು ಮಡಚುವ ಕುರ್ಚಿ ಹಿಡಿದು ನೇರ ಅಲ್ಲಿಗೆ ಹೋಗಬಹುದು.