ನಮೀಬಿಯಾನಾ, ಬೋಟ್ಸ್ವಾನಾನಾ? ಒಂದಕ್ಕೇ ಬಜೆಟ್ ಇದ್ರೆ

ಟ್ರಿಪ್‌ಗೆ ಯಾವುದು ಅಂತ ನೋಡೋಣ. ಎರಡೂ ಆಫ್ರಿಕಾದ ದಕ್ಷಿಣ ಭಾಗದ ಅಕ್ಕಪಕ್ಕದ ದೇಶ, ಎರಡರಲ್ಲೂ ಜನ ತುಂಬಾ ಕಮ್ಮಿ, ನಮೀಬಿಯಾದಲ್ಲಿ ಸುಮಾರು 30 ಲಕ್ಷ, ಬೋಟ್ಸ್ವಾನಾದಲ್ಲಿ ಅದಕ್ಕಿಂತ್ಲೂ ಕಮ್ಮಿ, ಆದ್ರೆ ನೋಡೋಕೆ ಸಿಗೋದು ಬೇರೆನೇ.

ನಿಮಗೆ ಇತಿಹಾಸ ಇಷ್ಟ ಇದ್ರೆ ನಮೀಬಿಯಾನೇ ನೋಡಿ. 1884ರಿಂದ ಜರ್ಮನ್ನರು ಆಳಿದ್ರು, 1904ರಿಂದ 1908ರವರೆಗೆ ಹೆರೆರೊ, ನಾಮ ಜನರ ನರಮೇಧನೇ ಮಾಡಿದ್ರು, ಆಮೇಲೆ ದಕ್ಷಿಣ ಆಫ್ರಿಕಾ ಹಿಡ್ಕೊಂಡು ಕೂತು, ಕೊನೆಗೆ ಸ್ವಾತಂತ್ರ್ಯ ಬಂದಿದ್ದು 1990ಕ್ಕೆ. ಸ್ವಾಕೋಪ್‌ಮುಂಡ್ ಅನ್ನೋ ಕಡಲತೀರದ ಊರಲ್ಲಿ ಇವತ್ತಿಗೂ ಜರ್ಮನ್ ಕಾಲದ ಬಿಲ್ಡಿಂಗ್‌ಗಳಿವೆ, ನೋಡೋಕೆ ಚೆಂದ, ಹಿಂದಿನ ಕಥೆ ಗೊತ್ತಿದ್ರೆ ಅಷ್ಟು ಚೆಂದ ಅನ್ಸಲ್ಲ. ಸೊಸುಸ್‌ವ್ಲೇನ ಕೆಂಪು ಮರಳುದಿಬ್ಬ, ಎಟೋಶಾದ ಉಪ್ಪುಬಯಲು ಎರಡನ್ನೂ ಕಾರ್ ಬಾಡಿಗೆಗೆ ತಗೊಂಡು ನೀವೇ ಓಡಿಸ್ಕೊಂಡು ನೋಡ್ಬಹುದು, ನಮ್ಮ ಥರಾನೇ ಎಡಗಡೆ ಡ್ರೈವಿಂಗ್, ಜಲ್ಲಿ ರೋಡಲ್ಲಿ ಮಾತ್ರ ಸ್ಪೀಡ್ ಬೇಡ. (2022ರಲ್ಲಿ ಮಧ್ಯಪ್ರದೇಶದ ಕುನೋಗೆ ಬಂದ ಮೊದಲ 8 ಚೀತಾ ಇಲ್ಲಿಯವೇ.)

ಬೋಟ್ಸ್ವಾನಾ ಬ್ರಿಟಿಷರ ಕೈಲಿತ್ತು, 1966ರಲ್ಲಿ ಗಲಾಟೆ ಇಲ್ದೆ ಸ್ವತಂತ್ರ ಆಯ್ತು, ಆಗ ಕಡುಬಡ ದೇಶ, ಮರುವರ್ಷನೇ ಒರಾಪಾದಲ್ಲಿ ವಜ್ರ ಸಿಕ್ತು. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಆ ದುಡ್ಡನ್ನ ಸ್ಕೂಲು, ರಸ್ತೆಗೆ ಹಾಕಿದ್ರು. ಜನ ಹೆಚ್ಚಿನವರು ತ್ಸ್ವಾನಾ, ಕಲಹರಿ ಮರುಭೂಮಿ ಕಡೆ ಸಾನ್ ಅನ್ನೋ ಮೂಲನಿವಾಸಿ ಜನಾನೂ ಇದ್ದಾರೆ. ಇಲ್ಲಿಗೆ ಹೋಗೋದೇ ಒಕವಾಂಗೋ ಡೆಲ್ಟಾ ನೋಡೋಕೆ, ಅಂಗೋಲಾದಲ್ಲಿ ಹುಟ್ಟೋ ನದಿ ಸಮುದ್ರ ಸೇರದೆ ಮರಳುಗಾಡಲ್ಲೇ ಹರಡ್ಕೊಳ್ಳತ್ತೆ, ಅದೂ ಇಲ್ಲಿ ಮಳೆ ಇಲ್ದಿರೋ ಜೂನ್-ಆಗಸ್ಟ್‌ನಲ್ಲಿ ತುಂಬಿ! ಆನೆ ಬೇಕಂದ್ರೆ ಚೋಬೆ ನ್ಯಾಷನಲ್ ಪಾರ್ಕ್. ಆದ್ರೆ ಡೆಲ್ಟಾ ಲಾಡ್ಜ್ ರೇಟ್ ಕೇಳಿದ್ರೆ ತಲೆ ತಿರುಗತ್ತೆ, ಕಮ್ಮಿ ಜನ ಜಾಸ್ತಿ ದುಡ್ಡು ಅನ್ನೋದೇ ಅವರ ಪಾಲಿಸಿ.

ಫಸ್ಟ್ ಟೈಮ್ ಆದ್ರೆ ನನ್ನ ವೋಟು ನಮೀಬಿಯಾಗೆ, ಪ್ರಾಣಿಗಳೇ ಮುಖ್ಯ, ಖರ್ಚಿನ ಚಿಂತೆ ಇಲ್ಲ ಅಂದ್ರೆ ಬೋಟ್ಸ್ವಾನಾ.