ಮಕ್ಕಳ ಜೊತೆ ಬೀದರಿನ ನಾನಕ್ ಝೀರಾ: ಲಂಗರಿನ ಊಟಕ್ಕೆ ಮುಂಚಿನ ಪಾಠ

ಬೀದರಿಗೆ ಬರುವ ಶಾಲಾ ಪ್ರವಾಸದ ಬಸ್ಸುಗಳು ಕೋಟೆ, ಮಹಮೂದ್ ಗವಾನನ ಮದರಸಾ ಮುಗಿಸಿ, ಊಟದ ಹೊತ್ತಿಗೆ ಸರಿಯಾಗಿ ಸಿಖ್ಖರ ನಾನಕ್ ಝೀರಾ ಗುರುದ್ವಾರದ ಮುಂದೆ ನಿಲ್ಲುತ್ತವೆ. ಲಂಗರು, ಅಂದರೆ ಎಲ್ಲರಿಗೂ ಬಡಿಸುವ ಪುಕ್ಕಟೆ ಊಟ ಎಂದಷ್ಟೇ ಹೋದರೆ ಹೊಟ್ಟೆ ತುಂಬುತ್ತದೆ, ಬೇರೇನೂ ಆಗುವುದಿಲ್ಲ. ಬೇರೆ ಧರ್ಮದವರ ಜಾಗದಲ್ಲಿ ಹೇಗಿರಬೇಕೆಂದು ಮಕ್ಕಳಿಗೆ ಕಲಿಸಲು ಇದು ಬಹಳ ಒಳ್ಳೆಯ ಸ್ಥಳ. ಆದರೆ ತಯಾರಿ ಬಸ್ಸಿನಲ್ಲೇ ಆಗಬೇಕು.

ಗಂಡು, ಹೆಣ್ಣು ಎಲ್ಲರೂ ತಲೆ ಮುಚ್ಚಿಕೊಳ್ಳಬೇಕು. ಜೇಬಿನ ಕರ್ಚೀಫು ಚಿಕ್ಕದು, ಬಗ್ಗಿದರೆ ಜಾರಿ ಬೀಳುತ್ತದೆ. ಎರಡಡಿ ಚೌಕದ ಹತ್ತಿ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಿ, ಹಿಂದೆ ಗಂಟು ಹಾಕಿದರೆ ನಿಲ್ಲುತ್ತದೆ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಬೇಕು. ಸಿಗರೇಟು, ಗುಟ್ಕಾ ಜೇಬಿನಲ್ಲೂ ಇರಕೂಡದು. ಇದನ್ನು ಡ್ರೈವರಿಗೂ, ಬೇಕಾದರೆ ಮೇಷ್ಟ್ರಿಗೂ ಹೇಳಿ.

ಗ್ರಂಥವನ್ನಿಟ್ಟ ಮುಖ್ಯ ಸಭಾಂಗಣವಾದ ದರ್ಬಾರ್ ಸಾಹಿಬ್‌ನಲ್ಲಿ ಮಕ್ಕಳ ಮೊದಲ ಪ್ರಶ್ನೆ, ದೇವರ ಮೂರ್ತಿ ಎಲ್ಲಿ? ಮೂರ್ತಿ ಇಲ್ಲ. 1708ರಿಂದ ಸಿಖ್ಖರಿಗೆ ಗ್ರಂಥವೇ ಗುರು. 1430 ಪುಟಗಳ ಗುರು ಗ್ರಂಥ ಸಾಹಿಬ್‌ನಲ್ಲಿ ಕಬೀರ, ನಾಮದೇವ, ರವಿದಾಸ, ಶೇಖ್ ಫರೀದರ ವಾಣಿಯೂ ಇದೆ. ಅದರ ಕಡೆಗೆ ಕಾಲು ಚಾಚಬಾರದು. 1699ರಲ್ಲಿ ಗುರು ಗೋಬಿಂದ ಸಿಂಗರಿಂದ ಮೊದಲು ದೀಕ್ಷೆ ಪಡೆದ ಐವರು, ಅಂದರೆ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೇ ಎಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ಇಲ್ಲಿ ಹೆಚ್ಚಿನ ಮೇಷ್ಟ್ರುಗಳು 'ಎಲ್ಲಾ ಒಂದೇ ಕಣ್ರೋ' ಎಂದು ಪಾಠ ಮುಗಿಸಿಬಿಡುತ್ತಾರೆ. ಒಂದೇ ಅಲ್ಲ. ಎಷ್ಟೋ ಗುಡಿಗಳಲ್ಲಿ ಟೋಪಿ ತೆಗೆಯಿರಿ ಎನ್ನುತ್ತಾರೆ, ಇಲ್ಲಿ ತಲೆ ಮುಚ್ಚಿ ಎನ್ನುತ್ತಾರೆ. ಆ ವ್ಯತ್ಯಾಸ ಗೊತ್ತಿದ್ದ ಮಗು ಮಾತ್ರ ಅದನ್ನು ಪಾಲಿಸೀತು. ಅಡ್ಡಬೀಳಲು ಯಾರನ್ನೂ ಒತ್ತಾಯಿಸಬೇಡಿ, ಸುಮ್ಮನೆ ಕೂತರೂ ಮರ್ಯಾದೆಯೇ.

ಕಡಾ ಪ್ರಸಾದವೆಂದರೆ ಗೋಧಿಹಿಟ್ಟು, ಸಕ್ಕರೆ, ತುಪ್ಪ ಸಮಸಮ ಹಾಕಿ ಮಾಡಿದ ಹಲ್ವ. ಬೊಗಸೆಯೊಡ್ಡಿ ತೆಗೆದುಕೊಳ್ಳಬೇಕು. ಜಿಡ್ಡಿನ ಕೈ ಕಂಬಕ್ಕೆ ಒರೆಸದಂತೆ ಹಳೇ ಪೇಪರ್ ಇರಲಿ.

ಲಂಗರಿನಲ್ಲಿ ಎಲ್ಲರಿಗೂ ನೆಲದ ಮೇಲೇ ಸಾಲುಪಂಕ್ತಿ. ಯಾರೂ ಹೊರಗುಳಿಯಬಾರದೆಂದು ಊಟ ಸಸ್ಯಾಹಾರಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಮೊದಲೇ ವಿಚಾರಿಸಿ. ರೊಟ್ಟಿಗೆ ಎರಡೂ ಕೈ ಒಡ್ಡಬೇಕು. ಖಾರಕ್ಕೆ ಒಗ್ಗಿದ ನಾಲಿಗೆಗೆ ದಾಲ್ ಸಪ್ಪೆ ಎನಿಸಬಹುದು, ಮೂಗು ಮುರಿಯಬಾರದೆಂದು ಮುಂಚೆಯೇ ಹೇಳಿ. ತಟ್ಟೆಯಲ್ಲಿ ಬಿಡುವುದೇ ದೊಡ್ಡ ಅವಮಾನ, ಆದ್ದರಿಂದ ಮೊದಲ ಸುತ್ತಿಗೆ ಒಂದೇ ರೊಟ್ಟಿ ಸಾಕು. ಊಟವಾದ ಮೇಲೆ ಅಲ್ಲಿ ಸೇವೆ ಮಾಡುವ ಸೇವಾದಾರರನ್ನು ಕೇಳಿ ತಟ್ಟೆ ತೊಳೆಯಲು ಕೈಜೋಡಿಸಿ. ಇಡೀ ಭೇಟಿಯಲ್ಲಿ ಮಕ್ಕಳಿಗೆ ನಾಟುವುದು ಇದೇ.

ಕೀರ್ತನೆ ಅರ್ಥವಾಗದೆ ಚಿಕ್ಕ ಮಕ್ಕಳು ಚಡಪಡಿಸುತ್ತಾರೆ. ನಾಲ್ಕನೇ ತರಗತಿಗಿಂತ ಕೆಳಗಿನವರಿಗೆ ಬೇಡ. ಗುರುನಾನಕ್ ಜಯಂತಿ, ಹೋಳಿ ದಿನಗಳಲ್ಲಿ ಜನಜಂಗುಳಿ. ದೊಡ್ಡ ಗುಂಪಾದರೆ ಮುಂಚಿತವಾಗಿ ತಿಳಿಸಿ.

ಹೊತ್ತಿದ್ದರೆ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೂ ಹೋಗಿ. ಅಲ್ಲಿ ಸುಲ್ತಾನ ಅಹಮದ್ ಶಾ ವಲಿಯ ಉರುಸಿಗೆ ಜಂಗಮರು ಬಂದು ಶಂಖ ಊದುತ್ತಾರೆ. ಗೋರಿಯೊಳಗಿನ ಚಿತ್ತಾರ ಕತ್ತಲಲ್ಲಿ ಕಾಣದು, ಟಾರ್ಚ್ ಮರೆಯಬೇಡಿ.