ಅಸಿಸ್ಟೆಡ್ ಚಿನ್-ಅಪ್ ಮಷೀನ್: ತುಂಬಾ ಒಳ್ಳೇದು, ರಾಡ್ ಒಣಗಿರದಿದ್ದರೆ

ನಮ್ಮ ಬಡಾವಣೆಯ ಜಿಮ್‌ಗೆ ನಾನು ಸೇರಿದ್ದೇ ಈ ಮಷೀನ್ ನೋಡಿ. ಚಿನ್-ಅಪ್ ಅಂದರೆ ಬಾರ್ ಹಿಡಿದು ನೇತಾಡಿ, ಗದ್ದ ಬಾರ್ ದಾಟುವವರೆಗೆ ಮೈಯನ್ನು ಮೇಲಕ್ಕೆ ಎಳೆಯುವುದು. ಈ ಮಷೀನ್‌ನಲ್ಲಿ ಮೊಣಕಾಲ ಕೆಳಗಿನ ಪ್ಯಾಡ್, ತೂಕದ ಪ್ಲೇಟುಗಳ ಭಾರದಿಂದ ನಮ್ಮನ್ನು ಮೇಲಕ್ಕೆ ತಳ್ಳಿ ಸಹಾಯ ಮಾಡುತ್ತದೆ. ಒಂದೂ ಚಿನ್-ಅಪ್ ಬರದವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ ಅಂತ ವರ್ಷ ದಾಟಿದ ಮೇಲೂ ಹೇಳುತ್ತೇನೆ.

ಹೊಸಬರು ಒಂದು ವಿಷಯ ನೆನಪಿಡಿ. ಬೇರೆ ಮಷೀನ್‌ಗಳಲ್ಲಿ ಎಷ್ಟು ಪ್ಲೇಟ್ ಬೇಕು ಅಂತ ಆರಿಸುವ ಪಿನ್ ಕೆಳಗೆ ಹೋದಷ್ಟೂ ಕಷ್ಟ, ಇಲ್ಲಿ ಅಷ್ಟೂ ಸುಲಭ. ನನ್ನ ತೂಕ 74 ಕೆಜಿ. ಪಿನ್ 40ಕ್ಕೆ ಹಾಕಿದರೆ ಎತ್ತಬೇಕಾದ್ದು ಸುಮಾರು 34 ಕೆಜಿ. 8 ಸಲ ನೀಟಾಗಿ ಬರುವಷ್ಟು ಸಹಾಯ ಇಟ್ಟುಕೊಳ್ಳಿ. ಹಗುರ ಅನ್ನಿಸಿದಾಗ ಒಂದು ಪ್ಲೇಟ್ ಕಮ್ಮಿ ಮಾಡಿ. ಅವಸರ ಬೇಡ.

ಬೆಳಿಗ್ಗೆ ಆರಕ್ಕೆ ಜಿಮ್‌ನಲ್ಲಿ ಜನ ಕಮ್ಮಿ. ಮೊದಲು ಹ್ಯಾಂಡಲ್ ಒರೆಸುತ್ತೇನೆ, ಬೆವರಿದ್ದರೆ ಕೈ ಜಾರುತ್ತದೆ. ಪಿನ್ ಪೂರ್ತಿ ಒಳಗೆ ಕೂತಿದೆಯಾ ನೋಡುತ್ತೇನೆ. ಅಂಗೈ ನನ್ನ ಕಡೆಗೆ, ಎರಡು ಕೈ ಮಧ್ಯೆ ಭುಜದಷ್ಟು ಅಗಲ. ಒಂದೊಂದೇ ಮೊಣಕಾಲನ್ನು ಪ್ಯಾಡ್ ಮೇಲೆ ಊರಿ, ತೋಳು ಪೂರ್ತಿ ನೇರ ಆಗುವವರೆಗೆ ಇಳಿಯುತ್ತೇನೆ. ಎಳೆಯುವ ಮುಂಚೆ ಭುಜಗಳನ್ನು ಕಿವಿಯಿಂದ ದೂರ, ಕೆಳಕ್ಕೆ ತರಬೇಕು. ನೋಡುವವರಿಗೆ ಇದು ಕಾಣುವುದೂ ಇಲ್ಲ. ಆದರೆ ಇದನ್ನು ಬಿಟ್ಟರೆ ಬರೀ ತೋಳು ದುಡಿಯುತ್ತದೆ, ಬೆನ್ನಿಗೆ ಕೆಲಸ ಸರಿಯಾಗಿ ಸಿಗುವುದಿಲ್ಲ. ಆಮೇಲೆ ಮೊಣಕೈಗಳನ್ನು ಪಕ್ಕೆಲುಬಿನ ಕಡೆ ಇಳಿಸುತ್ತಾ ಮೇಲೆ ಹೋಗುವುದು. ಕತ್ತು ಚಾಚಿ ಗದ್ದ ಮುಟ್ಟಿಸಿದರೆ ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನಗೆ ನಿಜವಾಗಿ ಹಿಡಿಸಿದ್ದು ಇಳಿಯುವ ಭಾಗ. ಬಾವಿಗೆ ಕೊಡ ಬಿಡುವಾಗ ಹಗ್ಗವನ್ನು ಕೈಯಲ್ಲೇ ತಡೆದು ತಡೆದು ಬಿಡುತ್ತೇವಲ್ಲ, ಹಾಗೆ ಮೈಯನ್ನು ಮೂರು ಎಣಿಸುವಷ್ಟು ಹೊತ್ತು ಇಳಿಸಬೇಕು. ಮೇಲೆ ಎತ್ತಲಾರದ ಭಾರವನ್ನೂ ನಮ್ಮ ಸ್ನಾಯು ನಿಧಾನವಾಗಿ ಇಳಿಸಬಲ್ಲದು. ಹಾಗಾಗಿ ಹೊಸಬರು ಶಕ್ತಿ ಬೆಳೆಸಿಕೊಳ್ಳಲು ಇದೂ ಒಂದು ಒಳ್ಳೇ ದಾರಿ. ಎಷ್ಟೋ ಜನ ಮೇಲೆ ಹೋಗಿ ದೊಪ್ಪನೆ ಬಿಟ್ಟುಬಿಡುತ್ತಾರೆ. ನೋಡಿದಾಗ ಹೊಟ್ಟೆ ಉರಿಯುತ್ತದೆ.

ಇನ್ನು ಬೇಜಾರಿನ ಮಾತು. ಮಳೆಗಾಲ ಕಳೆದ ಮೇಲೆ ನಮ್ಮ ಮಷೀನ್‌ನ ರಾಡ್‌ಗಳು ಒಣಗಿ, ಅಲ್ಲಲ್ಲಿ ತುಕ್ಕು ಹಿಡಿದಿವೆ. ಪ್ಲೇಟುಗಳು ಈ ರಾಡ್ ಮೇಲೇ ಜಾರಬೇಕು, ಈಗ ತಡೆಯುತ್ತಿವೆ. ಸುಮ್ನೆ ಕರಕರ ಸದ್ದು ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಾವು ಮೇಲೆ ಹೋಗುವಾಗ ಪ್ಲೇಟುಗಳು ಇಳಿಯಬೇಕು. ರಾಡ್ ಹಿಡಿದುಕೊಂಡರೆ ಸಿಗುವ ಸಹಾಯ ಕಮ್ಮಿ ಆಗುತ್ತದೆ. ನಾವು ಇಳಿಯುವಾಗ ಪ್ಲೇಟುಗಳು ಏರಬೇಕು. ಆಗ ಅದೇ ತಡೆ ನಮ್ಮನ್ನು ಕೆಳಗಿನಿಂದ ಆನಿಸಿ ಹಿಡಿಯುತ್ತದೆ. ಅಂದರೆ ಹತ್ತುವುದು ಭಾರ, ಇಳಿಯುವುದು ಹಗುರ. ನಾನು ಯಾವುದಕ್ಕೆ ಬರುತ್ತೇನೋ ಅದನ್ನೇ ಮಷೀನ್ ಕಿತ್ತುಕೊಳ್ಳುತ್ತಿದೆ! ಪಿನ್ ಎಲ್ಲಿದ್ದರೂ ಆ ನಂಬರ್‌ಗೆ ಈಗ ಅರ್ಥ ಇಲ್ಲ.

ಟ್ರೇನರ್‌ಗೆ ಹೇಳಿದೆ. "ಮಾಡಿಸೋಣ ಸಾರ್" ಅಂದರು. ಮತ್ತೆ ಕೇಳಿದಾಗಲೂ ಅದೇ ಉತ್ತರ. ವರ್ಷದ ಫೀಸ್ ಒಟ್ಟಿಗೆ ಕಟ್ಟಿಸಿಕೊಂಡಿದ್ದಾರೆ. ಒಣ ಬಟ್ಟೆಯಲ್ಲಿ ರಾಡ್ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯುವುದು ಎಷ್ಟು ಹೊತ್ತಿನ ಕೆಲಸ?

ಮನೆ ಬಾಗಿಲಿಗೆ ಬಾರ್ ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿದರೆ ಖರ್ಚು ಕಮ್ಮಿ, ನಿಜ. ಆದರೆ ಬ್ಯಾಂಡ್ ಜಾಸ್ತಿ ಎಳೆದಿರುವುದು ಕೆಳಗಿದ್ದಾಗ, ಸಹಾಯವೂ ಅಲ್ಲೇ ಜಾಸ್ತಿ. ಗದ್ದ ಬಾರ್ ದಾಟಬೇಕಾದ ಕಡೆ ಅದು ಸಡಿಲ. ಸರಿಯಾಗಿ ಜಾರುವ ಮಷೀನ್ ಕೆಳಗಿನಿಂದ ಮೇಲಿನವರೆಗೆ ಹೆಚ್ಚು ಕಮ್ಮಿ ಒಂದೇ ಸಮ ಎತ್ತುತ್ತದೆ. ಮೊಣಕಾಲಿಗೆ ಆಸರೆ ಇರುವುದರಿಂದ ಮೈ ತೂಗಾಡುವುದೂ ಕಮ್ಮಿ. ಹಾಗಂತ ಬರೀ ಬಾರ್ ಹಿಡಿದಾಗ ಹೊಟ್ಟೆ ಬಿಗಿ ಹಿಡಿಯುವುದನ್ನು ಇದು ಕಲಿಸುವುದಿಲ್ಲ. ಅದಕ್ಕೇ ಕೊನೆಯ ಸೆಟ್ ಅನ್ನು ನಾನು ಬಾರ್‌ನಲ್ಲಿ ಮಾಡುತ್ತೇನೆ: ಸ್ಟೂಲ್ ಹತ್ತಿ ಗದ್ದವನ್ನು ಬಾರ್‌ಗಿಂತ ಮೇಲಿಟ್ಟುಕೊಂಡು, ಅಲ್ಲಿಂದ ನಿಧಾನಕ್ಕೆ ಇಳಿಯುವುದು.

ಮುಗಿಸಿದಾಗ ಎರಡೂ ಕಾಲು ಒಟ್ಟಿಗೆ ತೆಗೆಯಬೇಡಿ, ಪ್ಯಾಡ್ ರಪ್ಪನೆ ಮೇಲಕ್ಕೆ ಚಿಮ್ಮುತ್ತದೆ. ಹ್ಯಾಂಡಲ್ ಹಿಡಿದೇ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟು ಆಮೇಲೆ ಇನ್ನೊಂದು.

ಈ ಮಷೀನ್‌ಗಾಗಿ ಜಿಮ್ ಸೇರುವವರು ಫೀಸ್ ಕಟ್ಟುವ ಮುಂಚೆ ಪಿನ್ ಅನ್ನು ಸಣ್ಣ ತೂಕಕ್ಕೆ ಹಾಕಿ, ಪ್ಯಾಡನ್ನು ಕೈಯಲ್ಲಿ ಮೆಲ್ಲಗೆ ಒತ್ತಿ, ಮೆಲ್ಲಗೆ ಬಿಟ್ಟು ನೋಡಿ. ತಡೆದು ತಡೆದು ಬಂದರೆ ಮೊದಲು ರಾಡ್ ಸರಿ ಮಾಡಿಸಲು ಹೇಳಿ, ದುಡ್ಡು ಆಮೇಲೆ ಕೊಡಿ.